ಸೆರ್ಕಿ ಹೊಲಿದ ತೋಳು

ಶಿನಿಂಗ್ ಪೇಟೆಯ ದರ್ಜಿ ಸೆರ್ಕಿಯ ಅಂಗಡಿಗೆ ಎತ್ತರದ ಹುಲ್ಲುಗಾವಲಿಂದ ಇಳಿದ ಟಿಬೆಟಿ ಬರಲಿ, ಉಪ್ಪುಕೆರೆಯ ಕಡೆಯ ಮಂಗೋಲ ಬರಲಿ, ಹಳದಿ ನದಿಯ ದಂಡೆಯ ಸಾಲಾರ್ ಮುಸ್ಲಿಮ ಬರಲಿ, ಅವರವರ ಭಾಷೆಯಲ್ಲೇ ಬೈದು ಅಳತೆ ತೆಗೆಯುತ್ತಾಳೆ. "ಏನಣ್ಣಾ, ಈ ಚಳಿಗಾಲ ಇಡೀ ಕುರಿಮಂದೇನೇ ನುಂಗಿದೆಯಾ?" ಅಂದರೆ ಎಂಥವನೂ ನಗುತ್ತಾ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ. ತೂ ಬುಡಕಟ್ಟಿನ ಹೆಂಗಸರ ಅಂಗಿಯ ಬಣ್ಣಬಣ್ಣದ ಪಟ್ಟೆತೋಳನ್ನು ಮಾತ್ರ "ಕಣ್ಣು ಕುಕ್ಕುತ್ತೆ" ಅಂತ ಮುಟ್ಟುತ್ತಿರಲಿಲ್ಲ. ಮಗಳು ತೂ ಹುಡುಗನನ್ನೇ ಮೆಚ್ಚಿದಾಗ ಸೆರ್ಕಿ ಅವಳ ಜೊತೆ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಹುಡುಗನ ತಾಯಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಅಕ್ಕಾ, ಆ ತೋಳು ಹೊಲಿಯೋಕೆ ನಂಗೆ ಬರಲ್ಲ, ಕಲಿಸಿಕೊಡಿ" ಅಂದಳು. ಮದುವೆಯ ದಿನ ಮಗಳ ಬಲತೋಳಿನ ಪಟ್ಟೆಗಳು ಸೊಟ್ಟಗಿದ್ದವು. "ಇದು ನಾನು ಹೊಲಿದದ್ದು!" ಅಂತ ಸೆರ್ಕಿ ಬಂದವರಿಗೆಲ್ಲ ಆ ತೋಳನ್ನೇ ಎತ್ತೆತ್ತಿ ತೋರಿಸುತ್ತಿದ್ದಳು.