ಬನ್ನಕ್ಕನ ಬೆರಳುಗಳು

ಬೇಕರಿಯವರ ಮನೆಯಲ್ಲಿ ಹುಟ್ಟಿದವಳಿಗೆ ಸೂರ್ಯನಿಗಿಂತ ಮುಂಚೆಯೇ ಬೆಳಗಾಗುತ್ತದೆ. ಲಂಗ ತೊಡುವ ವಯಸ್ಸಿನಲ್ಲೇ ಅಪ್ಪನ ಪಕ್ಕದಲ್ಲಿ ನಿಂತು ಹಿಟ್ಟು ನಾದಲು ಕಲಿತ ಆಕೆ, ಅಪ್ಪ ತೀರಿಕೊಂಡ ಮೇಲೆ ಅದೇ ಮೇಜಿನ ಮುಂದೆ ನಿಂತು ತಮ್ಮನನ್ನು ಓದಿಸಿದಳು, ಅವನಿಗೆ ಮದುವೆ ಮಾಡಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ “ಒಲೆ ಆರಿಸಿ ಹೇಗೆ ಹೋಗ್ಲಿ?” ಎಂದು ನಕ್ಕು ತಳ್ಳಿಹಾಕಿದಳು, ಆಮೇಲೆ ಆ ಮಾತು ಬರುವುದೇ ನಿಂತಿತು. ಬೀದಿಯ ಚಿಕ್ಕವರಿಗೂ ದೊಡ್ಡವರಿಗೂ ಆಕೆ ಬನ್ನಕ್ಕ. ಆಕೆ ಉಂಡೆ ಕಟ್ಟಿದ ಬನ್ನು ಒಲೆಯೊಳಗೆ ಹೂವಿನ ಹಾಗೆ ಉಬ್ಬುತ್ತಿತ್ತು.

ಐವತ್ತರ ಹತ್ತಿರ ಬಂದಾಗ ಬೆಳಗಿನ ಜಾವ ಮುಷ್ಟಿ ಬಿಚ್ಚುವುದೇ ಕಷ್ಟವಾಯಿತು. ಎದ್ದರೆ ಎರಡೂ ಕೈ ಮರದ ಕೊರಡು. ಬೆರಳಿನ ಬುಡದ ಗೆಣ್ಣುಗಳು ಊದಿ, ಮುಟ್ಟಿದರೆ ಬಿಸಿ. ಹೊತ್ತು ಏರಿದಂತೆ ಬಿಗಿತ ಸಡಿಲುತ್ತಿತ್ತು, ಆದರೆ ಅಷ್ಟರಲ್ಲಿ ಬೇಕರಿಯ ದಿನದ ಕೆಲಸವೇ ಮುಗಿದಿರುತ್ತಿತ್ತು. ಕಾಯಿಲೆಗೂ ಕಸುಬಿಗೂ ಒಂದೇ ಮುಹೂರ್ತ! ಬಿಸಿನೀರಿನಲ್ಲಿ ಕೈ ಅದ್ದಿ, ಹಲ್ಲು ಕಚ್ಚಿ, ಯಾರಿಗೂ ತೋರಗೊಡದೆ ನಾದುತ್ತಿದ್ದಳು. ಒಂದು ದಿನ ತಮ್ಮನೇ ಕಂಡ.

“ಏನಕ್ಕ ಕೈ ಹೀಗೆ ಊದಿದೆ?”

“ನೋವು ಕಣೋ. ಬೆಳಿಗ್ಗೆ ಮಡಚೋಕೇ ಆಗಲ್ಲ.”

“ವಯಸ್ಸಾಯ್ತಲ್ಲ, ಥಂಡಿ ಇರ್ಬೇಕು. ಎಣ್ಣೆ ಹಚ್ಕೋ.”

ಹಚ್ಚಿಕೊಂಡಳು. ಯಾರೋ ಹೇಳಿದ ಮುಲಾಮು, ಇನ್ಯಾರೋ ಕೊಟ್ಟ ಮಾತ್ರೆ, ಹೀಗೇ ವರ್ಷ ಉರುಳಿತು. ಕೊನೆಗೆ ಒಲೆಯಿಂದ ತೆಗೆದ ಬ್ರೆಡ್ಡಿನ ತಟ್ಟೆ ಕೈಜಾರಿ ಪಾದದ ಮೇಲೆ ಬಿದ್ದಾಗ ಆಸ್ಪತ್ರೆಗೆ ಹೋಗಲೇಬೇಕಾಯಿತು. ಸುಟ್ಟ ಪಾದಕ್ಕೆ ಪಟ್ಟಿ ಕಟ್ಟಿದ ಡಾಕ್ಟರು ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. “ಇದು ಸಂಧಿವಾತ. ಶುರುವಿನಲ್ಲೇ ಬಂದಿದ್ರೆ ಈ ಬೆರಳು ಸೊಟ್ಟಾಗ್ತಿರ್ಲಿಲ್ಲ. ಹೋದದ್ದು ಹೋಯ್ತು, ಉಳಿದದ್ದನ್ನ ಕಾಪಾಡ್ಕೊಳ್ಳೋಣ” ಎಂದು ಔಷಧಿ ಬರೆದು, ಹಿಂದಿನ ಕಟ್ಟಡದ ಫಿಸಿಯೋ ಕೋಣೆಗೆ ಕಳಿಸಿದರು.

ಅಲ್ಲಿ ಕಿಟಕಿಯ ಅರ್ಧಕ್ಕೆ ಬಿಳಿ ಬಣ್ಣ ಬಳಿದಿತ್ತು. ಮೂಲೆಯ ಪಾತ್ರೆಯಲ್ಲಿ ಮೇಣ ಕರಗಿ ಬೆಚ್ಚಗಿರುತ್ತಿತ್ತು. ಅದರಲ್ಲಿ ಕೈ ಅದ್ದಿ ತೆಗೆದರೆ ಬಿಳಿ ಕೈಗವಸು ತೊಟ್ಟ ಹಾಗೆ. ಅದರ ಬಿಸಿ ಗೆಣ್ಣಿನೊಳಕ್ಕೆ ಇಳಿಯುತ್ತಿತ್ತು. ಮೇಣ ಸುಲಿದ ಮೇಲೆ ಫಿಸಿಯೋ ಮೇಡಮ್ಮು ಆಕೆಯ ಅಂಗೈಗೆ ರಬ್ಬರಿನಂಥ ಮುದ್ದೆಯೊಂದನ್ನು ಇಟ್ಟು, “ಮೆಲ್ಲಗೆ ಒತ್ತಿ” ಎಂದರು.

ಬನ್ನಕ್ಕನಿಗೆ ನಗು ಬಂತು. “ಜನ್ಮವೆಲ್ಲ ಇದನ್ನೇ ಒತ್ತಿದೀನಿ ಮೇಡಮ್. ಇದನ್ನ ಬೇಯಿಸೋದೂ ಬೇಡ, ಮಾರೋದೂ ಬೇಡ, ಅಷ್ಟೇ ವ್ಯತ್ಯಾಸ.”

ಒತ್ತಿದಳು. ಮುದ್ದೆಯ ಮೇಲೆ ಬೆರಳಿನ ಗುರುತೂ ಮೂಡಲಿಲ್ಲ. ನಗು ಅಲ್ಲಿಗೇ ಸತ್ತಿತು. ಅವಮಾನವಾಗಿ, ಇನ್ನಷ್ಟು ಬಲ ಹಾಕಿ ಹಲ್ಲು ಕಚ್ಚಿದಳು.

“ಹಲ್ಲು ಕಚ್ಚೋದು ಇಲ್ಲಿ ನಡೆಯಲ್ಲ” ಎಂದು ಮೇಡಮ್ಮು ಕೈ ಹಿಡಿದು ನಿಲ್ಲಿಸಿದರು. “ನೋವು ಜೋರಾಗೋಕೆ ಮುಂಚೆ ನಿಲ್ಲಿಸೋದನ್ನ ಕಲೀರಿ.”

ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ನೋಯುವ ಮುಂಚೆ ನಿಲ್ಲಿಸುವುದನ್ನು ಆಕೆಗೆ ಯಾರೂ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಪಾತ್ರೆಯನ್ನು ಬೆರಳಿನಿಂದಲ್ಲ, ಅಂಗೈಯಿಂದ ಎತ್ತುವುದು. ಡಬ್ಬಿಯ ಮುಚ್ಚಳವನ್ನು ಅಂಗೈ ಊರಿ ತಿರುಗಿಸುವುದು. ರಾತ್ರಿ ಬೆರಳು ಸೊಟ್ಟಾಗದಂತೆ ಗಟ್ಟಿ ಪಟ್ಟಿ ಕಟ್ಟಿ ಮಲಗುವುದು. ಎದ್ದ ಕೂಡಲೇ ಹಾಸಿಗೆಯಲ್ಲೇ ಬೆರಳನ್ನು ಒಂದೊಂದಾಗಿ ಮಡಚಿ ಬಿಚ್ಚುವುದು, ಕೂಸಿಗೆ ಕಲಿಸಿದಂತೆ ಎಲ್ಲವನ್ನೂ ಮೊದಲಿಂದ ಕಲಿತಳು. ಮಾತ್ರೆಯೂ ಹಿಡಿಯಿತು. ಊತ ಇಳಿಯಿತು. ಮುದ್ದೆಯ ಮೇಲೆ ಗುರುತು ಬಿತ್ತು.

ಇತ್ತ ಬೇಕರಿಗೆ ಹಿಟ್ಟು ನಾದುವ ಯಂತ್ರ ಬಂತು. “ನಿನಗೋಸ್ಕರಾನೇ ತಂದಿದ್ದು ಅಕ್ಕ” ಎಂದ ತಮ್ಮ. ಆಕೆಯನ್ನು ಗಲ್ಲಾದಲ್ಲಿ ಕೂರಿಸಿದ. ಚಿಲ್ಲರೆ ಹೆಕ್ಕಲು ಬೆರಳು ತಡವರಿಸಿದಾಗ ಗಿರಾಕಿಗಳು ಗೊಣಗಿದರು. ತಮ್ಮನ ಹೆಂಡತಿ ಬಂದು, “ನೀವು ಒಳಗೆ ಆರಾಮಾಗಿ ಕೂತ್ಕೊಳ್ಳಿ ಅತ್ತಿಗೆ” ಎಂದು ನಯವಾಗಿ ಎಬ್ಬಿಸಿದಳು. ಹೀಗೆ ಬನ್ನಕ್ಕ ಮೇಜಿನಿಂದ ಗಲ್ಲಾಕ್ಕೆ, ಗಲ್ಲಾದಿಂದ ಹಿಂದಿನ ಕೋಣೆಯ ಕುರ್ಚಿಗೆ ಬಂದಳು.

ಕೈ ತಕ್ಕಮಟ್ಟಿಗೆ ಸುಧಾರಿಸಿದಾಗ, ಮಧ್ಯಾಹ್ನ ಒಲೆ ಬಿಡುವಾಗಿದ್ದ ಹೊತ್ತು ನೋಡಿ, ನಡುನಡುವೆ ಕೂತು ದಣಿವಾರಿಸಿಕೊಳ್ಳುತ್ತ ಒಂದು ತಟ್ಟೆ ಬನ್ನು ಮಾಡಿದಳು. ಒಂದೂ ಸೀಳಿರಲಿಲ್ಲ. ತಮ್ಮನ ಮುಂದೆ ಇಟ್ಟಳು.

ಅವನು ತಿಂದ. “ಚೆನ್ನಾಗಿದೆ. ಆದ್ರೆ ಅಕ್ಕ, ನೀನು ಒಂದು ತಟ್ಟೆ ಮಾಡೋ ಹೊತ್ತಿಗೆ ಯಂತ್ರ ಬ್ಯಾಚುಗಟ್ಟಲೆ ಇಳಿಸತ್ತೆ. ಸುಮ್ನೆ ಯಾಕೆ ಕಷ್ಟ?”

“ಕಷ್ಟ ಅಂತ ನಾನು ಹೇಳಿದ್ನಾ?”

“ನನ್ನ ಅಂಗಡಿಗೆ ಒಂದು ಟೈಮು ಅಂತ ಇದೆ ಅಕ್ಕ.”

ನನ್ನ ಅಂಗಡಿ. ಉಳಿದ ಬನ್ನಿನ ತಟ್ಟೆಯನ್ನು ಅಂಗೈ ಮೇಲೆ ಎತ್ತಿಕೊಂಡು ಬನ್ನಕ್ಕ ಹಿಂದಿನ ಕೋಣೆಗೆ ನಡೆದಳು. ಆಕೆ ವ್ಯಾಯಾಮ ಬಿಡಲಿಲ್ಲ. ರವಿಕೆಯ ಗುಂಡಿ ಹಾಕಿಕೊಳ್ಳಲು ತಮ್ಮನ ಹೆಂಡತಿಯನ್ನು ಕರೆಯುವುದು ತಪ್ಪಲಿ ಎಂಬುದಷ್ಟೇ ಈಗ ಉಳಿದ ಆಸೆ.

ಮುಂದಿನ ಚಳಿಗಾಲದಲ್ಲಿ ತಮ್ಮ ಚಹಾದ ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದು ಕುಡಿಯುವುದು ಕಂಡಿತು. ಬಿಸಿನೀರಿನ ನಲ್ಲಿಯ ಕೆಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈಯೊಡ್ಡಿ ನಿಲ್ಲುತ್ತಿದ್ದ. ಗೆಣ್ಣುಗಳು ಕೆಂಪಗೆ ಊದಿದ್ದವು. ಹಾವಿನ ಹೆಜ್ಜೆ ಹಾವೇ ಬಲ್ಲದು. ಬನ್ನಕ್ಕನಿಗೆ ಒಂದೇ ನೋಟಕ್ಕೆ ತಿಳಿಯಿತು. ಹೇಳಬೇಕೆಂದು ಕುರ್ಚಿಯಿಂದ ಎದ್ದಳು. ಅಷ್ಟರಲ್ಲಿ ಹೆಂಡತಿಗೆ ಅವನು ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ಅಕ್ಕನ್ನೇನು ಕೇಳೋದು? ಮನೆ ಕಾಯೋಕೆ ಅವಳಿದಾಳಲ್ಲ, ನಾವು ಮದುವೆಗೆ ಹೋಗ್ಬರೋಣ.”

ಮತ್ತೆ ಕೂತಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರಲಿಲ್ಲ. ಚಳಿ ಹೋಯಿತು, ಸೆಕೆ ಬಂತು. “ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?” ಎಂದು ಮೇಡಮ್ಮು ಮಾತಿಗೆ ಕೇಳಿದಾಗ “ಇಲ್ಲ” ಎಂದಳು. ಎಷ್ಟು ಸಲೀಸಾಗಿ ಬಂತು ಆ ಸುಳ್ಳು ಎಂದು ಆಕೆಗೇ ದಿಗಿಲಾಯಿತು. ಆದರೂ ತಿದ್ದಲಿಲ್ಲ.

ಕೊನೆಗೊಂದು ಬೆಳಿಗ್ಗೆ ಯಂತ್ರದ ಹಿಡಿ ತಿರುಗಿಸಲಾರದೆ ಅವನೇ ಬಂದು ಕೈ ಚಾಚಿದ. “ಇದೇನಕ್ಕ ಇದು?”

ಆಸ್ಪತ್ರೆಗೆ ಆಕೆಯೇ ಕರೆದುಕೊಂಡು ಹೋದಳು. ಡಾಕ್ಟರು ಆಕೆಗೆ ಹೇಳಿದ್ದನ್ನೇ ಅವನಿಗೂ ಹೇಳಿದರು: ಶುರುವಿನಲ್ಲೇ ಬಂದಿದ್ರೆ. ಹೊರಗಿನ ಬೆಂಚಿನ ಮೇಲೆ ಕೂತು ತಮ್ಮ ಔಷಧಿ ಚೀಟಿಯನ್ನು ಅಂಗೈ ನಡುವೆ ಒತ್ತಿ ಮಡಚಿದ.

“ನಿನಗೆ ಗೊತ್ತಾಗ್ಲಿಲ್ವಾ ಅಕ್ಕ? ದಿನಾ ಎದುರಿಗೇ ಇರ್ತೀಯಲ್ಲ.”

ಇಲ್ಲ ಎಂದಿದ್ದರೆ ನಂಬುತ್ತಿದ್ದ. “ಗೊತ್ತಾಯ್ತು” ಎಂದಳು.

“ಯಾವಾಗ?”

“ಚಳಿಗಾಲದಲ್ಲೇ.”

“ಮತ್ತೆ ಹೇಳ್ಲಿಲ್ಲ?”

“ನನ್ನ ಕೈ ನೀನೂ ನೋಡಿದ್ದೆ. ಎಣ್ಣೆ ಹಚ್ಕೋ ಅಂದೆ.”

ಹೇಳಿದ ಮರುಕ್ಷಣವೇ ಆ ಮಾತು ಎಷ್ಟು ಟೊಳ್ಳು ಎಂದು ಆಕೆಗೆ ಹೊಳೆಯಿತು. ಅವನು ತಿಳಿಯದೆ ಆಡಿದ್ದ. ತಾನು ತಿಳಿದೂ ಬಾಯಿ ಮುಚ್ಚಿದ್ದಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅವನು ಎದ್ದು, ಆಕೆಗೆ ಕಾಯದೆ ಬಸ್‌ಸ್ಟಾಪಿನ ಕಡೆ ನಡೆದ.

ವಿಷಯ ತಿಳಿದ ದಿನದಿಂದ ತಮ್ಮನ ಹೆಂಡತಿ ಮಾತು ಬಿಟ್ಟಳು. ಊಟದ ತಟ್ಟೆಯನ್ನು ಸದ್ದು ಮಾಡಿ ಇಡುತ್ತಾಳೆ. ತಮ್ಮ ಆಕೆ ಹೋಗದ ದಿನ ಆರಿಸಿಕೊಂಡು ಫಿಸಿಯೋ ಕೋಣೆಗೆ ಹೋಗುತ್ತಾನೆ. ಔಷಧಿಯಿಂದ ನೋವು ಇಳಿದಿದೆ, ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲ.

ಬೆಳಗಿನ ಜಾವ ಅವನ ಹೆಂಡತಿ ಒಲೆಯ ಮುಂದಿರುತ್ತಾಳೆ. ರಾತ್ರಿ ಕಟ್ಟಿದ ಪಟ್ಟಿಯನ್ನು ಬಿಗಿದ ಬೆರಳಿನಿಂದ ಬಿಚ್ಚಿಕೊಳ್ಳಲು ಅವನಿಗೆ ಆಗುವುದಿಲ್ಲ. ಹಿಂದಿನ ಕೋಣೆಯ ಬಾಗಿಲಿಗೆ ಬಂದು, ಗೋಡೆ ನೋಡುತ್ತ ಕೈ ಮುಂದೆ ಮಾಡುತ್ತಾನೆ. ಬನ್ನಕ್ಕ ತನ್ನ ಬೆರಳು ಸಡಿಲಿಸಿಕೊಂಡು, ನಿಧಾನವಾಗಿ ಪಟ್ಟಿ ಬಿಚ್ಚುತ್ತಾಳೆ. ಆಕೆ ಕ್ಷಮಿಸು ಎನ್ನುವುದಿಲ್ಲ, ಅವನು ಕೇಳುವುದೂ ಇಲ್ಲ.

“ಆಯ್ತು” ಎನ್ನುತ್ತಾನೆ, ಗಿರಾಕಿಗೆ ಹೇಳಿದ ಹಾಗೆ, ಮತ್ತು ಅಂಗಡಿಗೆ ಹೋಗುತ್ತಾನೆ.