ಕನ್ನಡಿಗೆ ಬೆನ್ನು ಹಾಕಿದ ಕುರ್ಚಿ

ಶನಿವಾರ ಬೆಳಗಿನ ಐದೂವರೆ. ಷಿಕಾಗೋದ ದಕ್ಷಿಣ ಭಾಗದಲ್ಲಿ ಲೂಷಿಯಸ್ ಟಾರ್ಪ್ಲಿ ತಮ್ಮ ಕ್ಷೌರದಂಗಡಿಯ ಬಾಗಿಲು ತೆಗೆದು, ಕತ್ತರಿ ಒರೆಸಿಟ್ಟು, ಮೊದಲ ಕುರ್ಚಿಯನ್ನು ಕನ್ನಡಿಗೆ ಬೆನ್ನಾಗುವಂತೆ ತಿರುಗಿಸುತ್ತಾರೆ. ಗಿರಾಕಿಗಳು ಬರುವುದು ಎಂಟಕ್ಕೆ. ಆರರಿಂದ ಎಂಟರವರೆಗೆ ಇಲ್ಲಿ ಅಸ್ತಿತ್ವವಾದದ ಪಾಠ.

ಅರವತ್ತಾರರ ಟಾರ್ಪ್ಲಿ ಓದಿದ್ದು ಹೈಸ್ಕೂಲು. ಪಾಠ ಶುರುವಾಗಿ ಹತ್ತೊಂಬತ್ತು ವರ್ಷ. ಬರುವವರು ಹನ್ನೊಂದು ಮಂದಿ, ಎಲ್ಲರೂ ಕಪ್ಪು ಜನ. ಕುರ್ಚಿಯಲ್ಲಿ ಕೂತವರು ಉಳಿದವರತ್ತ ಮುಖ ಮಾಡಿ ಪುಸ್ತಕದ ಒಂದು ಭಾಗ ಓದಿ, ಅದು ತಮ್ಮ ಬದುಕಿಗೆ ಎಲ್ಲಿ ತಾಗಿತು ಎಂದು ಹೇಳಬೇಕು. ಅವರ ಕ್ಷೌರ ಮುಗಿಯುವ ತನಕ ಬೆಂಚಿನಲ್ಲಿರುವವರು ಬಾಯಿ ಹಾಕುವಂತಿಲ್ಲ.

ನಿಯಮ ಹುಟ್ಟಿದ್ದು ಟಾರ್ಪ್ಲಿ ಅವರದೇ ಒಂದು ತಪ್ಪಿನಿಂದ. “ಮೊದಲ ವರ್ಷ ದೊಡ್ಡ ಮೇಷ್ಟ್ರ ಥರ, ‘ನಿಮ್ಮ ಕಥೆ ಬಾಗಿಲಾಚೆ ಬಿಟ್ಟು ಬನ್ನಿ’ ಅಂದೆ. ಮೂರನೇ ವಾರ ಬಂದವನು ಒಬ್ಬನೇ. ಅವನೂ ಗಡ್ಡ ತೆಗೆಸೋಕೆ ಬಂದಿದ್ದ.”

ಇವತ್ತು ಕುರ್ಚಿಯಲ್ಲಿ ನಲವತ್ತೊಂದರ ಬಸ್ ಚಾಲಕಿ ವರ್ನೆಲ್ಲಾ ಪೆಟಿಗ್ರೂ. ಮನುಷ್ಯನನ್ನು ರೂಪಿಸುವುದು ಅವನ ಆಯ್ಕೆಯೇ ಎಂಬ ಭಾಗ ಓದಿ ಪುಸ್ತಕ ಮಡಚುತ್ತಾರೆ.

“ಹೋದ ವರ್ಷ ಪೊಲೀಸು ನನ್ನ ಕಾರು ನಿಲ್ಲಿಸ್ದ. ಅವನು ಬಾಯಿ ತೆರೆಯೋ ಮುಂಚೆನೇ ನನ್ನ ಎರಡೂ ಕೈ ಸ್ಟೀರಿಂಗ್ ಮೇಲಿದ್ವು. ಕೈ ಕಾಣ್ದಿದ್ರೆ ಪೊಲೀಸ್ರು ಗುಂಡು ಹಾರಿಸ್ತಾರೆ ಅಂತ ಹನ್ನೆರಡು ವರ್ಷಕ್ಕೇ ಅಮ್ಮ ಕಲಿಸಿದ್ದು. ನಾನು ಆರಿಸ್ಕೊಂಡಿದ್ದು ಯಾವಾಗ?”

ಟಾರ್ಪ್ಲಿ ಕತ್ತರಿ ನಿಲ್ಲಿಸುತ್ತಾರೆ. “ಹಾಗಾದ್ರೆ ನಿನಗೆ ಸ್ವಾತಂತ್ರ್ಯ ಇಲ್ವಾ, ತಂಗಿ?”

“ಇದೆ, ಅಣ್ಣ. ಕೈ ಭಯದ್ದು, ಕಣ್ಣು ನನ್ನದು. ತಗ್ಗಿಸ್ಲಿಲ್ಲ.”

“ಅದಕ್ಕೆ ಎಷ್ಟು ದಂಡ ಹಾಕ್ದ?” ಎಂದು ಬೆಂಚಿನಿಂದ ಅಂಚೆ ಹಂಚುವ ಕ್ಲಿಯೋಫಸ್.

“ನಿನ್ನ ತಲೆ ಇನ್ನೂ ನನ್ನ ಕೈಗೆ ಬರೋದಿದೆ, ನೆನಪಿರ್ಲಿ,” ಎಂದು ಟಾರ್ಪ್ಲಿ.

ವರ್ನೆಲ್ಲಾ ಅವರ ಪದವಿಗೆ ಬಾಕಿ ಇರುವುದು ಒಂದೇ ವಿಷಯ. ಅದಕ್ಕಾಗಿ ಈ ಪಾಠವನ್ನು ಆಧರಿಸಿದ ಪ್ರಬಂಧವನ್ನು ಒಪ್ಪಿಕೊಳ್ಳಲು ಅವರ ಕಾಲೇಜು ಮುಂದಾಗಿತ್ತು. ಈ ವಾರ ಪತ್ರ ಬಂದಿದೆ: ಪೊಲೀಸರ ಪ್ರಸಂಗ ಅನುಭವವೇ ಹೊರತು ತತ್ತ್ವಶಾಸ್ತ್ರವಲ್ಲ, ಅದನ್ನು ತೆಗೆಯಬೇಕು. ಗಡುವು ಸೋಮವಾರ.

“ತೆಗೆದ್ರೆ ನಾನೇನೂ ಅಂದ್ಕೊಳ್ಳಲ್ಲ,” ಎಂದು ಟಾರ್ಪ್ಲಿ ಮೊದಲೇ ಹೇಳಿದ್ದರು. ವರ್ನೆಲ್ಲಾ ಒಂದು ಸಾಲನ್ನೂ ತೆಗೆದಿಲ್ಲ; ಒಂದು ಪುಟ ಸೇರಿಸಿದ್ದಾರೆ. ಅದನ್ನೇ ಎಲ್ಲರಿಗೂ ಓದುತ್ತಾರೆ: ತಮ್ಮನ್ನು ಯಾರೂ ಅನುಮಾನದಿಂದ ತಿರುಗಿ ನೋಡದ ಹೋಟೆಲಿನಲ್ಲಿ ನೆಮ್ಮದಿಯಾಗಿ ಕಾಫಿ ಕುಡಿಯುತ್ತ ಈ ಪುಸ್ತಕಗಳನ್ನು ಬರೆದವರಿಗೂ ಅನುಭವವಿತ್ತು. ಅವರದನ್ನು ತತ್ತ್ವ ಎಂದು ಕರೆದರು, ಅಷ್ಟೆ.

ವರ್ನೆಲ್ಲಾ ಹಾಳೆ ಮಗುಚುತ್ತಾರೆ. ಪ್ರಬಂಧದ ಜೊತೆ ಕಳಿಸಬೇಕಾದ ಅರ್ಜಿಯಲ್ಲಿ ಇನ್ನೊಂದು ಜಾಗ ತುಂಬುವುದಿದೆ: ಮಾರ್ಗದರ್ಶಕರ ಅರ್ಹತೆ.

“ಖಾಲಿ ಬಿಡ್ಲಾ, ಅಣ್ಣ? ಇದನ್ನೇ ನೆಪ ಮಾಡಿ ವಾಪಸ್ ಕಳಿಸಬಹುದು.”

ಟಾರ್ಪ್ಲಿ ಕೈ ಒರೆಸಿಕೊಂಡು ಪೆನ್ನು ಈಸಿಕೊಳ್ಳುತ್ತಾರೆ.

“ನೀನು ಒಂದು ಸಾಲೂ ತೆಗೀಲಿಲ್ಲ, ನಾನು ಯಾಕೆ ನನ್ನ ಸಾಲು ತೆಗೀಲಿ?” ಎನ್ನುತ್ತ, ನಿಧಾನವಾಗಿ, ಬಿಡಿ ಬಿಡಿ ಅಕ್ಷರಗಳಲ್ಲಿ ಬರೆಯುತ್ತಾರೆ: ಕ್ಷೌರಿಕ, ನಲವತ್ನಾಲ್ಕು ವರ್ಷ.