ನಮ್ಮನೆಯವರ ರಬ್ಬರ್ ಚಪ್ಪಲಿ

ನಮ್ಮನೆಯವರ ಕೆಲಸ ಏನೆಂದು ಯಾರಾದರೂ ಕೇಳಿದರೆ, ಊರವರ ಮನೆಯ ವೈರುಗಳ ಮೇಲೆ ಅನುಮಾನ ಪಡುವುದು ಎನ್ನುತ್ತೇನೆ. ಹಳೇ ಮನೆ ಮಾರುವವರು, ಬಾಡಿಗೆಗೆ ಕೊಡುವವರು, ಗೋಡೆಗೆ ನೀರಿಳಿದು ಗಾಬರಿಯಾದವರು ಇವರನ್ನು ಕರೆಸುತ್ತಾರೆ. ಇವರು ಮೆಗ್ಗರ್ ಎಂಬ ಕಪ್ಪು ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡು ಹೊರಡುತ್ತಾರೆ. ಮೇನ್ ಸ್ವಿಚ್ ಆರಿಸಿ, ಪೆಟ್ಟಿಗೆಯ ತಂತಿಗಳನ್ನು ಬೋರ್ಡಿಗೆ ಕಚ್ಚಿಸಿ, ಗೋಡೆಯೊಳಗಿನ ವೈರುಗಳಿಗೆ ಮಾಮೂಲಿಗಿಂತ ಹೆಚ್ಚು ಒತ್ತಡದ ಕರೆಂಟು ಕೊಟ್ಟು ನೋಡುತ್ತಾರೆ. ವೈರಿನ ಹೊದಿಕೆ ಗಟ್ಟಿಯಾಗಿದ್ದರೆ ಪೆಟ್ಟಿಗೆಯ ಮುಳ್ಳು ಆಚೆ ತುದಿಯಲ್ಲಿ ನಿಲ್ಲುತ್ತದೆ. ಎಲ್ಲೋ ಸಿಪ್ಪೆ ಸುಲಿದು ಕರೆಂಟು ಸೋರುವಂತಿದ್ದರೆ ಸೊನ್ನೆಯ ಕಡೆಗೆ ಬೀಳುತ್ತದೆ. ಇರುವುದು ಇಷ್ಟೇ ವಿದ್ಯೆ, ಆದರೆ ಅದರ ಗತ್ತನ್ನು ಮೂವತ್ತು ವರ್ಷದಿಂದ ಸಹಿಸುತ್ತಿರುವವಳು ನಾನು.

ಪರೀಕ್ಷೆಗೆ ಮೊದಲು ಮನೆಯವರು ಎಲ್ಲ ಪ್ಲಗ್ಗುಗಳನ್ನು ಕೀಳಬೇಕು, ಬಲ್ಬು ಬಿಚ್ಚಬೇಕು. ಒಂದು ಉಳಿದರೂ ಮುಳ್ಳು ತಪ್ಪು ತೋರಿಸುತ್ತದೆ. ಎಲ್ಲರೂ "ಎಲ್ಲಾ ತೆಗ್ದಿದೀವಿ" ಅನ್ನುತ್ತಾರಂತೆ, ಯಾರೂ ತೆಗೆದಿರುವುದಿಲ್ಲವಂತೆ. ಪರದೆಯ ಹಿಂದೆ ಫ್ರಿಜ್ಜು, ಮಂಚದ ಕೆಳಗೆ ಇಸ್ತ್ರಿಪೆಟ್ಟಿಗೆ. ಬೈದು ಬಂದ ಬೈಗುಳವೆಲ್ಲ ನಮ್ಮ ಊಟದ ತಟ್ಟೆಯ ಮುಂದೆ ಇನ್ನೊಂದು ಸಲ ಆಗಬೇಕು. "ಮುಳ್ಳು ಸುಳ್ಳು ಹೇಳಲ್ಲ ಕಣೆ, ಮನೆಯವರು ಹೇಳ್ತಾರೆ" ಅನ್ನುವಲ್ಲಿಗೆ ಅದು ಮುಗಿಯುತ್ತದೆ. ಆಮೇಲೆ ಮಜ್ಜಿಗೆ ಕೇಳುತ್ತಾರೆ.

ಇಂಥವರ ಸ್ವಂತ ಮನೆಯ ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ದಿನಾ ಅಲ್ಲ, ಒಬ್ಬರ ಸ್ನಾನವಾದ ಮೇಲೆ ಒದ್ದೆ ನೆಲದಲ್ಲಿ ನಿಂತು ಮುಟ್ಟಿದರೆ ಮಾತ್ರ. ಬೆರಳಿನಿಂದ ಮೊಣಕೈವರೆಗೆ ಇರುವೆ ಹರಿದ ಹಾಗೆ ಆಗುತ್ತಿತ್ತು. ಮೊದಲ ಸಲ ಹೇಳಿದಾಗ ನರದ ನಿಶ್ಶಕ್ತಿ ಅಂದರು. ಮತ್ತೆ ಹೇಳಿದಾಗ, ಬಚ್ಚಲಿಗೆ ಹೋಗಿ ನಲ್ಲಿಯನ್ನು ಹಿಡಿದು, ತಿರುಗಿಸಿ, ತಟ್ಟಿ, "ಏನೂ ಇಲ್ವಲ್ಲೇ" ಅಂದರು. ಇವರ ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ. ಕರೆಂಟಿನ ಕೆಲಸದವರು ಬರಿಗಾಲಲ್ಲಿ ನಿಲ್ಲಬಾರದೆಂದು ಹುಡುಗನಾಗಿದ್ದಾಗ ಯಾವ ಗುರು ಹೇಳಿಕೊಟ್ಟಿದ್ದನೋ, ಇವರು ಸ್ನಾನವನ್ನೂ ಚಪ್ಪಲಿ ಹಾಕಿಕೊಂಡೇ ಮಾಡುತ್ತಾರೆ.

"ಚಪ್ಪಲಿ ಬಿಟ್ಟು ಮುಟ್ಟಿ ನೋಡಿ" ಅಂದೆ.

"ಮುಟ್ಟಿ ನೋಡೋದು ದಡ್ಡರ ಕೆಲಸ. ಅದಕ್ಕೇ ಮೀಟರ್ ಇರೋದು."

"ಹಾಗಾದ್ರೆ ಮೀಟರ್ ಹಾಕಿ."

"ಭಾನುವಾರ ಹಾಕ್ತೀನಿ."

ಎಷ್ಟು ಭಾನುವಾರ ಬಂದು ಹೋದವೋ. ಸೋರಿಕೆ ಕಂಡರೆ ತಾನಾಗಿಯೇ ಬೀಳುವ ಟ್ರಿಪ್ ಸ್ವಿಚ್ಚು ಎಲ್ಲ ಮನೆಯಲ್ಲೂ ಇರಲೇಬೇಕೆಂದು ಊರಿಗೆಲ್ಲ ಉಪದೇಶ ಮಾಡುವವರು ಇವರು. ನಮ್ಮ ಮನೆಗೆಂದು ತಂದ ಸ್ವಿಚ್ಚು ಡಬ್ಬಿ ಕೂಡ ಒಡೆಯದೆ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತೇನೋ. ನಾನು ನಲ್ಲಿಗೆ ಒಂದು ಬಟ್ಟೆ ಸುತ್ತಿಕೊಂಡು ದಿನ ತಳ್ಳಿದೆ.

ಹೀಗಿರುವಾಗ ಮಗಳು ಫೋನ್ ಮಾಡಿ, ಎಳೇ ಕೂಸನ್ನು ಎತ್ತಿಕೊಂಡು ನಾಳೆಯೇ ಬರುತ್ತೇನೆ, ಎರಡು ತಿಂಗಳು ಇರುತ್ತೇನೆ ಅಂದಳು. ನನಗೆ ಸಂತೋಷವಾಗಿದ್ದು ಒಂದೇ ಗಳಿಗೆ. ಆಮೇಲೆ ಕಣ್ಣ ಮುಂದೆ ಬಂದದ್ದು ಆ ಬಚ್ಚಲು, ಆ ನಲ್ಲಿ, ಒದ್ದೆ ಕೂಸು. ಹೆಗಲಿಗೆ ಪೆಟ್ಟಿಗೆ ಹಾಕಿಕೊಂಡು ಹೊರಟಿದ್ದ ಇವರಿಗೆ ಅಡ್ಡ ನಿಂತೆ.

"ಇವತ್ತು ಮೊದಲು ಈ ಮನೆ ನೋಡಿ. ಇಲ್ಲಾಂದ್ರೆ ಮಗಳಿಗೆ ಬರ್ಬೇಡ ಅಂತ ಫೋನ್ ಮಾಡ್ತೀನಿ, ಯಾಕೆ ಅಂತಾನೂ ಹೇಳ್ತೀನಿ."

ಮುಖ ಗಂಟು ಹಾಕಿಕೊಂಡು ಪೆಟ್ಟಿಗೆ ಇಳಿಸಿದರು. ಶುರುವಾಯಿತು ನೋಡಿ ನನ್ನ ಗ್ರಹಚಾರ. ಗಿರಾಕಿಗಳಿಗೆ ಹೇಳುವುದನ್ನೆಲ್ಲ ಅದೇ ಧಾಟಿಯಲ್ಲಿ ನನಗೂ ಹೇಳಿದರು. ಫ್ರಿಜ್ಜು ಕಿತ್ತೆ, ಮಿಕ್ಸಿ ಕಿತ್ತೆ, ಸ್ಟೂಲು ಹತ್ತಿ ಬಲ್ಬು ಬಿಚ್ಚಿದೆ. ಕಾಲಿಂಗ್ ಬೆಲ್ ಮರೆತಿದ್ದೆ. ಅದಕ್ಕೆ ಒಂದು ಭಾಷಣವಾಯಿತು. ಕಡೆಗೆ ತಂತಿ ಕಚ್ಚಿಸಿ ಗುಂಡಿ ಒತ್ತಿದರು. ಮುಳ್ಳು ನೆಟ್ಟಗೆ ಆಚೆ ತುದಿಗೆ ಹೋಗಿ ನಿಂತಿತು.

"ನೋಡಿದ್ಯಾ? ಹೊಸ ಮನೆಗೂ ಇಷ್ಟು ಚೆನ್ನಾಗಿ ಬರಲ್ಲ. ನರದ ಡಾಕ್ಟರಿಗೆ ತೋರಿಸ್ಕೋ."

ನನ್ನ ಪಿತ್ತ ನೆತ್ತಿಗೇರಿತು. ಬಚ್ಚಲು ಬೆಳಗ್ಗೆಯಿಂದ ಒಣಗಿ ಬಿದ್ದಿತ್ತು. ಒಣಗಿದ ಬಚ್ಚಲಲ್ಲಿ ನನಗೂ ಎಂದೂ ಜುಮ್ ಅಂದಿರಲಿಲ್ಲ, ಅದನ್ನು ಹೇಳಿ ಹೇಳಿ ನನ್ನ ಬಾಯಿಯೂ ಒಣಗಿತ್ತು. ಕಾಫಿ ಲೋಟವನ್ನು ಇವರ ಕೈಗೆ ಕುಕ್ಕಿ ಬಚ್ಚಲಿಗೆ ಹೋದೆ. ಬಕೆಟ್ಟು ತುಂಬಿಸಿ ಗೋಡೆಯ ಮೇಲೆ ಎರಚಿದೆ. ಇನ್ನೊಂದು ತುಂಬಿಸಿದೆ, ಎರಚಿದೆ. ನನ್ನ ಸೀರೆಯೂ ತೊಯ್ದಿತು, ಸಿಟ್ಟು ಮಾತ್ರ ಒಂದಿಷ್ಟೂ ತೊಯ್ಯಲಿಲ್ಲ.

"ಏನೇ ಮಾಡ್ತಿದೀಯ?"

"ಸ್ನಾನ ಮಾಡಿಸ್ತಿದೀನಿ ಗೋಡೆಗೆ. ಈಗ ಒತ್ತಿ ನಿಮ್ಮ ಗುಂಡಿ."

ನನ್ನ ಬಾಯಿ ಮುಚ್ಚಿಸಲೆಂದೇ ಒತ್ತಿದರು. ಮುಳ್ಳು ಎದ್ದಿತು, ತಡವರಿಸಿತು, ನಿಧಾನವಾಗಿ ಸೊನ್ನೆಯ ಕಡೆಗೆ ಜಾರಿತು.

ಇವರು ಪೆಟ್ಟಿಗೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಯಾವ್ದೋ ಪ್ಲಗ್ ಹಾಕಿದೀಯ."

"ಎಲ್ಲಾ ತೆಗ್ದಿದೀನಿ" ಅಂದೆ. ಅಂದ ಕೂಡಲೇ ನನಗೇ ಮೈ ಉರಿಯಿತು, ಎಲ್ಲ ಗಿರಾಕಿಗಳ ಸಾಲಿಗೆ ನಾನೂ ಸೇರಿದ್ದೆ. ಇವರು ಮನೆಯೆಲ್ಲ ಸುತ್ತಿ, ಮಂಚದ ಕೆಳಗೆ ಬಗ್ಗಿ, ಪರದೆ ಎತ್ತಿ ನೋಡಿದರು. ಏನೂ ಸಿಗಲಿಲ್ಲ. ವಾಪಸ್ಸು ಬಂದು ಒಂದೊಂದೇ ಫ್ಯೂಜು ತೆಗೆದು ಅಳೆದರು. ಬಚ್ಚಲಿನ ದೀಪದ ಲೈನು ತೆಗೆದ ಕೂಡಲೇ ಮುಳ್ಳು ಮತ್ತೆ ಆಚೆಗೆ ಹೋಯಿತು.

ಬಚ್ಚಲಿನೊಳಗೆ ಹೋಗಿ ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆ ಕುಟ್ಟುತ್ತಾ ಹೋದರು. ಒದ್ದೆ ಗಾರೆಯನ್ನು ಸ್ವಲ್ಪ ಕೆತ್ತಿದರು. ಯಾವ ಕಾಲದ ಮೇಸ್ತ್ರಿಯೋ, ವೈರನ್ನು ನೇರ ಇಳಿಸುವ ಬದಲು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದಿದ್ದ. ಅದೇ ಓರೆಯ ಮೇಲೆ, ಗೋಡೆಯಲ್ಲಿದ್ದ ಮರದ ಪಟ್ಟಿಯ ಸ್ಕ್ರೂ ಒಂದು ವೈರಿನ ಸಿಪ್ಪೆ ಸವರಿಕೊಂಡು ಕೂತಿತ್ತು. ಗೋಡೆ ಒದ್ದೆಯಾದಾಗಲೆಲ್ಲ ಅಲ್ಲಿಂದ ನೀರಿನ ಪೈಪಿಗೆ ಕರೆಂಟು ಜಿನುಗುತ್ತಿತ್ತು.

"ಯಾವ ತಲೆಕೆಟ್ಟೋನು ಇಲ್ಲಿ ಸ್ಕ್ರೂ ಹೊಡ್ದಿದ್ದು?" ಇವರು ಗಿರಾಕಿಗಳ ಮನೆಯಲ್ಲಿ ಕೇಳುವ ಗಂಟಲಿನಲ್ಲೇ ಕೇಳಿದರು.

ಪಟ್ಟಿಗೆ ನೇತಾಡುತ್ತಿದ್ದ, ನಾನೆರಚಿದ ನೀರಿಗೆ ತೊಯ್ದ ಇವರ ಇನ್ನೊಂದು ಕೆಲಸದ ಅಂಗಿಯನ್ನು ತೆಗೆದು ಇವರ ಕೈಗೇ ಕೊಟ್ಟೆ. ಅಂಗಿ ಹಾಕಲು ಜಾಗವಿಲ್ಲವೆಂದು ರಗಳೆ ತೆಗೆದು, ವೈರು ಎಂದೂ ಓರೆ ಹೋಗುವುದಿಲ್ಲ ಎಂದು ನನಗೆ ಪಾಠ ಹೇಳಿ, ಆ ಪಟ್ಟಿಯನ್ನು ಹೊಡೆದವರು ಇವರೇ.

ಇವರ ಮುಖ ಹುಳ್ಳಗಾಯಿತು. ನಾನು ಗೆದ್ದಿದ್ದೆ, ಎಷ್ಟೋ ದಿನದ ಬೈಗುಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಹೊತ್ತಿಗೆ ಕೂಸಿನ ನೆನಪಾಯಿತು. ನನಗೆ ಇರುವೆ ಹರಿದ ಹಾಗೆ ಆಗಿದ್ದು ಅದಕ್ಕೆ ಏನಾಗುತ್ತಿತ್ತೋ. ಹೊಸಿಲ ಮೇಲೆ ಕೂತು ಅತ್ತುಬಿಟ್ಟೆ. ಇವರು ಅಂಗಿ ಹಿಡಿದುಕೊಂಡು ಹಾಗೇ ನಿಂತಿದ್ದರು. "ನೀನು ಹೇಳ್ತಾನೇ ಇದ್ದೆ" ಅಂದರು.

ಅಂದು ಇವರು ಯಾರ ಮನೆಗೂ ಹೋಗಲಿಲ್ಲ. ಹಳೇ ವೈರು ಕಿತ್ತು ಹೊಸದನ್ನು ನೇರ ಇಳಿಸಿದರು, ಪೈಪಿಗೆ ಅರ್ತಿಂಗ್ ಕೊಟ್ಟರು, ಬೀರುವಿನ ಮೇಲಿನ ಡಬ್ಬಿ ಒಡೆದು ಟ್ರಿಪ್ ಸ್ವಿಚ್ಚು ಕೂರಿಸಿದರು. ಗೋಡೆಗೆ ತಾವೇ ನೀರು ಎರಚಿ, ಮೆಗ್ಗರ್ ಹಾಕಿ ನೋಡಿದರು. ಮುಳ್ಳು ಆಚೆ ತುದಿಯಲ್ಲೇ ನಿಂತಿತು. ನಾನು ಒಳ್ಳೆಯದಾಯಿತೆಂದು ಹೇಳಲಿಲ್ಲ, ಆ ಮುಳ್ಳಿನ ಮಾತನ್ನು ಬೆಳಗ್ಗೆಯೂ ಕೇಳಿದ್ದೆ.

ಮರುದಿನ ಮಗಳ ಗಾಡಿ ಬೀದಿಯ ತಿರುವಿಗೆ ಬಂದಿದೆಯೆಂದು ಫೋನ್ ಬಂತು. ನಾನು ಕೂಸಿಗೆಂದು ಬಿಸಿನೀರು ತೋಡಿಡಲು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ರಬ್ಬರ್ ಚಪ್ಪಲಿ ಬಿಟ್ಟಿತ್ತು. ಒಳಗೆ ಇವರು ಪಂಚೆ ಎತ್ತಿ ಕಟ್ಟಿಕೊಂಡು, ಬಿಳಿಚಿದ ಮೆತ್ತಗಿನ ಪಾದಗಳನ್ನು ನೆಲಕ್ಕೆ ಊರಿ, ನಲ್ಲಿ ಹಿಡಿದು ನಿಂತಿದ್ದರು. ದೀಪ ಉರಿಯುತ್ತಿತ್ತು. ಪೆಟ್ಟಿಗೆ ಎಲ್ಲೂ ಕಾಣಲಿಲ್ಲ.

"ಏನೂ ಅನ್ನಲ್ಲ" ಅಂದರು.

"ನೆಲ ಒಣಗಿದೆ" ಅಂದೆ. ತಣ್ಣೀರು ತುಂಬಿದ ಚೊಂಬನ್ನು ಎತ್ತಿ ಇವರ ಪಾದದ ಮೇಲೆ ಸುರಿದೆ. ಇವರು ನನ್ನ ಮುಖವನ್ನೇ ನೋಡುತ್ತಾ ನಿಂತರು, ನಲ್ಲಿಯಿಂದ ಕೈ ತೆಗೆಯಲಿಲ್ಲ.